ಲಸಿಕೆ ಪೆಟ್ಟಿಗೆಗೆ ಎಷ್ಟು ತಂಪು ಬೇಕು?

ಲಸಿಕೆ ಹಾಕುವ ದಿನ ಅಂಗನವಾಡಿಯ ಮುಂದೆ ತಾಯಂದಿರು ಪುಟ್ಟ ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಿಂತಿರುವುದನ್ನು ನೀವು ನೋಡಿರುತ್ತೀರಿ. ಒಳಗೆ ಮೇಜಿನ ಮೇಲೆ ಒಂದು ಪೆಟ್ಟಿಗೆ ಇರುತ್ತದೆ. ಹೆಚ್ಚಾಗಿ ನೀಲಿ ಬಣ್ಣದ್ದು. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ, ಮೇಲೆ ದಪ್ಪನೆಯ ಮುಚ್ಚಳ. ವೈರು ಇಲ್ಲ, ಪ್ಲಗ್ಗು ಇಲ್ಲ, ಗುಂಯ್ ಎನ್ನುವ ಸದ್ದೂ ಇಲ್ಲ. ಆರೋಗ್ಯ ಇಲಾಖೆಯವರು ಇದನ್ನು ವ್ಯಾಕ್ಸಿನ್ ಕ್ಯಾರಿಯರ್ ಎನ್ನುತ್ತಾರೆ. ನಾವು ಲಸಿಕೆ ಪೆಟ್ಟಿಗೆ ಎನ್ನೋಣ.

ಒಮ್ಮೆ ನಮ್ಮ ಶಾಲೆಗೆ ಟಿಡಿ ಚುಚ್ಚುಮದ್ದು ಹಾಕಲು ಸಿಸ್ಟರ್ ಬಂದಿದ್ದರು. ಧನುರ್ವಾಯು ಮತ್ತು ಗಂಟಲುಮಾರಿ ಬಾರದಂತೆ 10 ವರ್ಷದ ಮಕ್ಕಳಿಗೆ ಹಾಕುವ ಲಸಿಕೆ ಅದು. ಐದನೇ ತರಗತಿಯ ಹುಡುಗನೊಬ್ಬ, ಸೂಜಿಯ ಭಯ ಮರೆಯಲೆಂದೋ ಏನೋ, ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ.

"ಸಿಸ್ಟರ್, ಇದು ಫ್ರಿಜ್ಜಾ?"

"ಹೂಂ ಕಣಪ್ಪ, ಕರೆಂಟು ಬೇಡದ ಫ್ರಿಜ್ಜು."

ಸಿಸ್ಟರ್ ಒಂದು ಐಸ್ ಪ್ಯಾಕ್ ತೆಗೆದು ಮೇಜಿನ ಮೇಲಿಟ್ಟರು. ಪುಸ್ತಕದಷ್ಟು ದಪ್ಪದ, ಚಪ್ಪಟೆಯಾದ ಪ್ಲಾಸ್ಟಿಕ್ ಡಬ್ಬಿ. ಹುಡುಗ ಅದನ್ನೆತ್ತಿ ಅಲ್ಲಾಡಿಸಿದ. ಒಳಗೆ ಗುಳುಗುಳು ಎಂದಿತು.

"ಅಯ್ಯೋ ಸಿಸ್ಟರ್, ನಿಮ್ಮ ಐಸು ಕರಗ್ತಾ ಇದೆ!"

"ಕರಗಲಿ ಅಂತಾನೇ ಬೆಳಿಗ್ಗೆ ಹೊರಗೆ ಇಟ್ಟಿದ್ದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತೀನಿ. ನೀರಿನ ಸದ್ದು ಬಾರದಿದ್ದರೆ ಪೆಟ್ಟಿಗೆಗೆ ಹಾಕೋದೇ ಇಲ್ಲ."

ಹುಡುಗ ಮುಖ ಮುಖ ನೋಡಿದ. ನಿಜ ಹೇಳಬೇಕೆಂದರೆ ನನಗೂ ಆಶ್ಚರ್ಯವಾಯಿತು. ತಂಪಾಗಿ ಇಡುವುದಕ್ಕೇ ಅಲ್ಲವೇ ಐಸು? ಹಾಗಿದ್ದರೆ ಕಲ್ಲಿನಂತೆ ಗಟ್ಟಿಯಾದ ಐಸು ಇನ್ನೂ ಒಳ್ಳೆಯದಲ್ಲವೇ? ಬೇಕೆಂದೇ ಅದನ್ನು ಸ್ವಲ್ಪ ಕರಗಿಸಿ ತರುವುದೇಕೆ?

ಬಿಸಿಯೂ ಶತ್ರು, ಚಳಿಯೂ ಶತ್ರು

ಲಸಿಕೆಯಲ್ಲಿ ಏನಿರುತ್ತದೆ? ಶಕ್ತಿ ಕುಂದಿಸಿದ ರೋಗಾಣು, ಇಲ್ಲವೇ ಸತ್ತ ರೋಗಾಣು, ಇಲ್ಲವೇ ರೋಗಾಣುವಿನ ಒಂದು ಭಾಗ. ಇದನ್ನು ಕಂಡ ನಮ್ಮ ದೇಹ ಆ ರೋಗವನ್ನು ಎದುರಿಸಲು ಮೊದಲೇ ಸಿದ್ಧವಾಗುತ್ತದೆ. ಆದರೆ ಈ ವಸ್ತು ಬಹಳ ನಾಜೂಕು. ಬಿಸಿ ತಗುಲಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಪೋಲಿಯೊ ಹನಿಯಂತೂ ಬಿಸಿಗೆ ತುಂಬ ಅಂಜುತ್ತದೆ. ದಡಾರದ ಲಸಿಕೆ, ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆ ಇವೂ ಬಿಸಿಗೆ ಕೆಡುತ್ತವೆ.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಎಷ್ಟು ಸಾಧ್ಯವೋ ಅಷ್ಟು ಐಸು ತುಂಬಿ ಒಯ್ದರೆ ಮುಗಿಯಿತು! ಆದರೆ ಟಿಡಿ, ಹೆಪಟೈಟಿಸ್-ಬಿ, ಗಂಟಲುಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಡಿಪಿಟಿ, ಪೆಂಟಾವೇಲೆಂಟ್ ಇವುಗಳ ಕಥೆ ಬೇರೆ. ಇವು ಬಿಸಿಯನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತವೆ. ಹೆಪ್ಪುಗಟ್ಟಿದರೆ ಮಾತ್ರ ಕೆಟ್ಟೇ ಹೋಗುತ್ತವೆ. ಇವುಗಳಲ್ಲಿ ಅಲ್ಯುಮಿನಿಯಮ್ ಲವಣದ ಅತಿ ಸಣ್ಣ ಕಣಗಳಿರುತ್ತವೆ. ಲಸಿಕೆಯ ಮುಖ್ಯ ವಸ್ತು ಆ ಕಣಗಳಿಗೆ ಅಂಟಿಕೊಂಡಿರುತ್ತದೆ. ದ್ರವ ಹೆಪ್ಪುಗಟ್ಟಿದಾಗ ಕಣಗಳು ಒಂದಕ್ಕೊಂದು ಒತ್ತಿ ಉಂಡೆಯಾಗುತ್ತವೆ. ಮತ್ತೆ ಕರಗಿಸಿದರೂ ಮೊದಲಿನಂತೆ ಬಿಡಿಬಿಡಿ ಆಗುವುದಿಲ್ಲ. ಒಡೆದ ಹಾಲನ್ನು ತಣ್ಣಗೆ ಮಾಡಿದರೆ ಮತ್ತೆ ಹಾಲಾಗುತ್ತದೆಯೇ? ಇದೂ ಹಾಗೆಯೇ.

ಇಂಥ ಲಸಿಕೆ ಹಾಕಿದರೆ ಮಗು ಅಳುತ್ತದೆ, ಕಾರ್ಡಿನಲ್ಲಿ ತಾರೀಖು ಬರೆಯುತ್ತಾರೆ, ಅಮ್ಮ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಆದರೆ ರೋಗದಿಂದ ಸಿಗಬೇಕಾದ ರಕ್ಷಣೆ ಮಗುವಿಗೆ ಪೂರ್ತಿಯಾಗಿ ಸಿಕ್ಕಿರುವುದಿಲ್ಲ. ಅದು ಯಾರಿಗೂ ಗೊತ್ತಾಗುವುದೂ ಇಲ್ಲ.

ಆದ್ದರಿಂದಲೇ ಲಸಿಕೆಗಳನ್ನು 2 ಡಿಗ್ರಿಯಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು ಎಂಬ ನಿಯಮವಿದೆ. ಈಗ ಲಸಿಕೆಯ ಸೀಸೆಯ ಸ್ಥಿತಿಯನ್ನು ಊಹಿಸಿಕೊಳ್ಳಿ. ರಾಯಚೂರು, ಕಲಬುರಗಿಯ ಕಡೆ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಪಕ್ಕದಲ್ಲೇ, ಡೀಪ್ ಫ್ರೀಜರ್‌ನಿಂದ ಈಗಷ್ಟೇ ತೆಗೆದ, ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಐಸು. ಎರಡರ ನಡುವೆ ಬೆರಳುದ್ದದ ಸೀಸೆ!

ಐಸಿನ ಲೆಕ್ಕ

ಸಿಸ್ಟರ್ ಐಸನ್ನು ಏಕೆ ಸ್ವಲ್ಪ ಕರಗಿಸುತ್ತಾರೆ ಎಂಬುದಕ್ಕೆ ಒಂದು ಚೆಂದದ ಲೆಕ್ಕವಿದೆ. ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ.

1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕ್ಯಾಲೊರಿ ಉಷ್ಣ ಬೇಕು. 1 ಗ್ರಾಂ ಐಸನ್ನು 1 ಡಿಗ್ರಿ ಬಿಸಿ ಮಾಡಲು ಅದರ ಅರ್ಧದಷ್ಟು ಸಾಕು. ಹಾಗಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ 1 ಗ್ರಾಂ ಐಸು ಸೊನ್ನೆ ಡಿಗ್ರಿಗೆ ಬರಲು ಎಷ್ಟು ಉಷ್ಣ ಬೇಕು? ಬರೀ 10 ಕ್ಯಾಲೊರಿ.

ಸೊನ್ನೆಗೆ ಬಂದ ಮೇಲೆ ಐಸು ಕರಗಲು ತೊಡಗುತ್ತದೆ. ಇಲ್ಲಿದೆ ನೋಡಿ ವಿಚಿತ್ರ. ಸೊನ್ನೆ ಡಿಗ್ರಿಯ 1 ಗ್ರಾಂ ಐಸು ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಉಷ್ಣವನ್ನು ಹೀರಿಕೊಳ್ಳುತ್ತದೆ. ಅಷ್ಟು ಉಷ್ಣವನ್ನು ಅದೇ ನೀರಿಗೆ ಕೊಟ್ಟಿದ್ದರೆ ಅದು ಕೈ ಸುಡುವಂತೆ 80 ಡಿಗ್ರಿಗೆ ಏರುತ್ತಿತ್ತು! ಆದರೆ ಕರಗುವಾಗ ತಾಪ ಒಂದು ಡಿಗ್ರಿಯೂ ಏರುವುದಿಲ್ಲ. ಥರ್ಮಾಮೀಟರಿಗೆ ಕಾಣದಂತೆ ಅಡಗಿ ಕೂರುವ ಈ ಉಷ್ಣಕ್ಕೆ ಗುಪ್ತೋಷ್ಣ ಎಂದು ಹೆಸರು.

ಈಗ ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. 10 ಮತ್ತು 80. ಲಸಿಕೆಯನ್ನು ಹೆಪ್ಪುಗಟ್ಟಿಸಬಲ್ಲ ಅಪಾಯದ ತಂಪು ಆ ಚಿಕ್ಕ 10ರಲ್ಲಿ ಇದೆ. ಇಡೀ ದಿನ ಪೆಟ್ಟಿಗೆಯನ್ನು ಕಾಯುವ ತಂಪು ದೊಡ್ಡ 80ರಲ್ಲಿ ಇದೆ. ಸಿಸ್ಟರ್ ಐಸ್ ಪ್ಯಾಕನ್ನು ಹೊರಗಿಟ್ಟು ಕಾಯುವಾಗ ಆ 10ನ್ನು ಕಳೆದುಬಿಡುತ್ತಾರೆ. 80ರಲ್ಲಿ ಸ್ವಲ್ಪವೇ ಸ್ವಲ್ಪ ಖರ್ಚಾಗುತ್ತದೆ. ಒಳಗೆ ನೀರಿನ ಸದ್ದು ಕೇಳಿತು ಎಂದರೆ ಐಸು ಕರಗಲು ಶುರುವಾಗಿದೆ, ಅಂದರೆ ಅದು ಸೊನ್ನೆ ಡಿಗ್ರಿಗೆ ಬಂದಿದೆ ಎಂದು ಅರ್ಥ. ಲಸಿಕೆ ಹೆಪ್ಪುಗಟ್ಟಲು ಸೊನ್ನೆಗಿಂತಲೂ ತುಸು ಕೆಳಗಿನ ತಾಪ ಬೇಕು. ಆದ್ದರಿಂದ ಇನ್ನು ಭಯವಿಲ್ಲ. ಥರ್ಮಾಮೀಟರ್ ಇಲ್ಲದೆಯೇ, ಬರೀ ಕಿವಿಯಿಂದ ಸೊನ್ನೆ ಡಿಗ್ರಿಯನ್ನು ಅಳೆದಂತಾಯಿತು!

ಲಸಿಕೆ ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕ್‌ಗಳು ನಾಲ್ಕು ಗೋಡೆಗಳಿಗೆ ಒರಗಿ ನಿಲ್ಲುತ್ತವೆ. ಒಂದೊಂದರಲ್ಲಿ 0.4 ಲೀಟರ್ ನೀರು. ನಡುವಿನ ಜಾಗದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸೀಸೆಗಳು. ಐಸ್ ಪ್ಯಾಕಿಗೆ ನೀರನ್ನು ಬಾಯಿತನಕ ತುಂಬುವುದಿಲ್ಲ, ಗುರುತಿನವರೆಗೆ ಮಾತ್ರ. ನೀರು ಐಸಾದಾಗ ಹಿಗ್ಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಆ ನೀರಿಗೆ ಉಪ್ಪು ಹಾಕಬಹುದೇ? ಕುಲ್ಫಿ ಮಾರುವವರು ಐಸಿಗೆ ಉಪ್ಪು ಬೆರೆಸುವುದನ್ನು ನೀವು ಕಂಡಿರಬಹುದು. ಉಪ್ಪು ಸೇರಿದ ಐಸು ಸೊನ್ನೆಗಿಂತ ಬಹಳ ಕೆಳಗಿನ ತಾಪದಲ್ಲೇ ಕರಗುತ್ತದೆ. ಆ ಕೊರೆತಕ್ಕೆ ಹಾಲು ಗಟ್ಟಿಯಾಗಿ ಕುಲ್ಫಿ ಆಗುತ್ತದೆ. ಕುಲ್ಫಿಗೆ ಬೇಕಾದದ್ದೂ ಅದೇ. ಆದರೆ ಅದೇ ಉಪ್ಪು ಲಸಿಕೆ ಪೆಟ್ಟಿಗೆಗೆ ಬಂದರೆ ಟಿಡಿ ಲಸಿಕೆಯೂ ಕುಲ್ಫಿಯಂತೆ ಗಟ್ಟಿಯಾದೀತು! ಆದ್ದರಿಂದ ಐಸ್ ಪ್ಯಾಕಿಗೆ ಬರೀ ನಲ್ಲಿ ನೀರು.

ಹಾಗೆಂದು ಎಲ್ಲ ದಿನವೂ ಐಸನ್ನು ಕರಗಿಸಬೇಕಾಗಿಲ್ಲ. ಪೋಲಿಯೊ ಹನಿ ಹೆಪ್ಪುಗಟ್ಟಿದರೆ ಕೆಡುವುದಿಲ್ಲ. ಪಲ್ಸ್ ಪೋಲಿಯೊ ಭಾನುವಾರ ಪೆಟ್ಟಿಗೆಯಲ್ಲಿ ಆ ಹನಿ ಮಾತ್ರ ಇರುವುದರಿಂದ ಗಟ್ಟಿ ಐಸನ್ನೇ ಇಡಬಹುದು. ಪೆಟ್ಟಿಗೆ ಅದೇ, ಒಳಗಿನ ಸರಕು ಬದಲಾದರೆ ಐಸಿನ ನಿಯಮವೂ ಬದಲು.

ಕಂಬಳಿ ಹೊದ್ದ ಐಸು

ಐಸು ಎಷ್ಟೇ ಉಷ್ಣ ಹೀರಲಿ, ಹೊರಗಿನ ಬಿಸಿ ಬಿರಬಿರನೆ ಒಳಗೆ ನುಗ್ಗಿದರೆ ಅದು ಎಷ್ಟು ಹೊತ್ತು ತಾಳೀತು? ಪೆಟ್ಟಿಗೆಯ ಗೋಡೆಯ ಕೆಲಸ ಬಿಸಿಯನ್ನು ತಡೆಯುವುದು. ಒಳಗೊಂದು, ಹೊರಗೊಂದು ಪ್ಲಾಸ್ಟಿಕ್ ಪದರ. ನಡುವೆ ಪಾಲಿಯುರೆಥೇನ್ ಎಂಬ ಗಟ್ಟಿ ನೊರೆ. ನೊರೆಯೊಳಗೆ ಲಕ್ಷಾಂತರ ಪುಟ್ಟ ಗುಳ್ಳೆಗಳು. ಗುಳ್ಳೆಯೊಳಗೆ ಸಿಕ್ಕಿಬಿದ್ದ ಅನಿಲ ಅತ್ತಿತ್ತ ಓಡಾಡಲಾರದು, ಉಷ್ಣವನ್ನು ಸುಲಭವಾಗಿ ದಾಟಿಸದು.

ಚಳಿಗಾಲದಲ್ಲಿ ನೀವು ಹೊದೆಯುವ ಕಂಬಳಿಯ ಗುಟ್ಟೂ ಇದೇ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ. ಉಷ್ಣವನ್ನು ದಾಟಗೊಡುವುದಿಲ್ಲ, ಅಷ್ಟೆ. ನಿಮ್ಮ ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಅದೇ ಕಂಬಳಿಯನ್ನು ಐಸಿಗೆ ಸುತ್ತಿದರೆ ಹೊರಗಿನ ಬಿಸಿ ಒಳಬರದಂತೆ ತಡೆಯುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಕಲ್ಕತ್ತೆಗೆ ಹಡಗಿನಲ್ಲಿ ಐಸು ಬಂದಿತ್ತು ಎಂದರೆ ನಂಬುತ್ತೀರಾ? ಕೆರೆಗಳು ಹೆಪ್ಪುಗಟ್ಟಿದಾಗ ಕೊಯ್ದ ಐಸನ್ನು ಮರದ ಹೊಟ್ಟಿನಲ್ಲಿ ಮುಚ್ಚಿ ಇಟ್ಟಿದ್ದರು. ಹೊರಟಾಗ ಸುಮಾರು 180 ಟನ್. ನಾಲ್ಕು ತಿಂಗಳು ಸಮುದ್ರದಲ್ಲಿ ತೇಲಿ ಬಂದ ಮೇಲೂ ಸುಮಾರು 100 ಟನ್ ಉಳಿದಿತ್ತು. ಯಂತ್ರವಿಲ್ಲ, ಕರೆಂಟಿಲ್ಲ, ಬರೀ ಹೊಟ್ಟು!

ಕಾರಿನ ಫ್ರಿಜ್ ಯಾಕೆ ಬೇಡ?

ಈಗ ಅಂಗಡಿಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಫ್ರಿಜ್‌ಗಳು ಸಿಗುತ್ತವೆ. ಪ್ರವಾಸ ಹೋಗುವವರು ಹಾಲು, ಹಣ್ಣು, ನೀರಿನ ಬಾಟಲಿ ಇಡಲು ಕೊಳ್ಳುತ್ತಾರೆ. ಸಿಸ್ಟರಿಗೂ ಅಂಥದೊಂದು ಕೊಟ್ಟರೆ ಆಗದೇ ಎಂದು ನಿಮಗೆ ಅನಿಸಬಹುದು. ಒಳ್ಳೆಯ ಪ್ರಶ್ನೆ.

ಇವುಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಓಡಾಡುವ ಯಂತ್ರವೇ ಇಲ್ಲ, ಒಂದು ಸಣ್ಣ ಫ್ಯಾನ್ ಬಿಟ್ಟರೆ. ಎರಡು ಬೇರೆ ಬೇರೆ ವಸ್ತುಗಳನ್ನು ಜೋಡಿಸಿ ವಿದ್ಯುತ್ ಹರಿಸಿದರೆ ಜೋಡಣೆಯ ಒಂದು ಕಡೆ ತಣ್ಣಗಾಗಿ ಇನ್ನೊಂದು ಕಡೆ ಬಿಸಿಯಾಗುತ್ತದೆ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಎಂಬವರು ಇದನ್ನು ಕಂಡುಹಿಡಿದರು. ಈ ಬಗೆಯ ಫ್ರಿಜ್ ಹಗುರ, ಅಗ್ಗ. ಆದರೆ ಸಾಮಾನ್ಯವಾಗಿ ಹೊರಗಿನ ತಾಪಕ್ಕಿಂತ ಸುಮಾರು 20 ಡಿಗ್ರಿ ಮಾತ್ರ ಕೆಳಗೆ ಹೋಗಬಲ್ಲದು. ಮಡಿಕೇರಿಯಲ್ಲಿ ಹೊರಗೆ 22 ಡಿಗ್ರಿ ಇದ್ದರೆ ಒಳಗೆ 2 ಡಿಗ್ರಿ, ಸರಿ. ರಾಯಚೂರಿನಲ್ಲಿ 40 ಇದ್ದರೆ? ಒಳಗೆ 20. ಹಣ್ಣಿಗೆ ಅದು ಸಾಕು, ಲಸಿಕೆಗೆ ಸಾಲದು.

ಎರಡನೆಯದು ಮನೆಯ ಫ್ರಿಜ್ಜಿನಂತೆ ಕಂಪ್ರೆಸರ್ ಇರುವುದು. ಹೊರಗೆ ಎಷ್ಟೇ ಬಿಸಿಲಿದ್ದರೂ ಇದು ಚೆನ್ನಾಗಿ ತಂಪು ಮಾಡುತ್ತದೆ, ಐಸನ್ನೂ ಮಾಡುತ್ತದೆ. ಆದರೆ ತೂಕ ಹೆಚ್ಚು, ಬೆಲೆ ಹೆಚ್ಚು, ಕರೆಂಟು ಬೇಕೇ ಬೇಕು. ಕಾರಿನ ಬ್ಯಾಟರಿ 12 ವೋಲ್ಟಿನದು, 40 ಆಂಪಿಯರ್-ಗಂಟೆಯದು ಎಂದಿಟ್ಟುಕೊಳ್ಳಿ. ಗುಣಿಸಿದರೆ 480 ವ್ಯಾಟ್-ಗಂಟೆ. ಫ್ರಿಜ್ಜಿಗೆ 48 ವ್ಯಾಟ್ ಬೇಕಾದರೆ ಬ್ಯಾಟರಿ ಪೂರ್ತಿ ಬರಿದಾಗುವ ತನಕ 10 ಗಂಟೆ ನಡೆದೀತು. ಆದರೆ ಬ್ಯಾಟರಿಯನ್ನು ಅಷ್ಟು ಬರಿದು ಮಾಡುವಂತಿಲ್ಲ. ಮಾಡಿದರೆ ಗಾಡಿಯೇ ಸ್ಟಾರ್ಟ್ ಆಗದು, ಬ್ಯಾಟರಿಯೂ ಹಾಳು.

ಪಶ್ಚಿಮಘಟ್ಟದ ಒಂದು ಒಂಟಿ ಮನೆಗೆ ಹೋಗಬೇಕೆಂದುಕೊಳ್ಳಿ. ಜೀಪು ಹೋಗುವುದು ಅರ್ಧ ದಾರಿ. ಆಮೇಲೆ ಸಂಕ ದಾಟಬೇಕು, ತೋಟದ ಏರಿ ಹತ್ತಬೇಕು. ಅಲ್ಲಿಗೆ ಕಾರಿನ ಫ್ರಿಜ್ಜನ್ನು ಹೊತ್ತುಕೊಂಡು ಹೋಗುವುದುಂಟೇ? ಹೆಗಲಿನ ಮೇಲೆ ಕೂರುವ, ಕೆಟ್ಟುಹೋಗಲು ಒಂದು ಸ್ಕ್ರೂ ಕೂಡ ಇಲ್ಲದ ಈ ಪೆಟ್ಟಿಗೆಯೇ ಅಲ್ಲಿಗೆ ಸರಿ ಎಂದು ನನ್ನ ಅಭಿಪ್ರಾಯ.

ದಾರಿಗೆ ತಕ್ಕ ಪೆಟ್ಟಿಗೆ

ಹಾಗಂತ ಇದೊಂದೇ ಪೆಟ್ಟಿಗೆಯಲ್ಲಿ ಲಸಿಕೆ ಕಾರ್ಖಾನೆಯಿಂದ ನಿಮ್ಮೂರಿಗೆ ಬರುವುದಿಲ್ಲ. ರಾಜ್ಯದ ಉಗ್ರಾಣದಲ್ಲಿ ಕೋಣೆಯಷ್ಟು ದೊಡ್ಡ ಶೀತಲಗೃಹವಿದೆ. ಅಲ್ಲಿಂದ ಉಷ್ಣ ಒಳಬರದಂತೆ ಕಟ್ಟಿದ ವ್ಯಾನಿನಲ್ಲಿ ಜಿಲ್ಲೆಗೆ. ಜಿಲ್ಲೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೋಲ್ಡ್ ಬಾಕ್ಸ್‌ನಲ್ಲಿ. ಇದು ಲಸಿಕೆ ಪೆಟ್ಟಿಗೆಯ ದೊಡ್ಡಣ್ಣ. ಗೋಡೆ ಇನ್ನೂ ದಪ್ಪ, ಐಸ್ ಪ್ಯಾಕ್ ಇನ್ನೂ ಹೆಚ್ಚು, ದಾರಿಯಲ್ಲಿ ಗಾಡಿ ಕೆಟ್ಟು ನಿಂತರೂ ಕೆಲವು ದಿನ ಕಾಯಬಲ್ಲದು. ಆದರೆ ಹೊತ್ತು ನಡೆಯಲು ಆಗದು. ಇಡೀ ದಾರಿಗೆ ಶೀತಲ ಸರಪಳಿ ಎಂದು ಹೆಸರು. ಒಂದು ಕೊಂಡಿ ಕಳಚಿದರೆ ಸರಪಳಿಯೇ ಕಳಚಿದಂತೆ.

ಆರೋಗ್ಯ ಕೇಂದ್ರದಲ್ಲಿರುವ ಫ್ರಿಜ್ ಕೂಡ ಮನೆಯದರಂತಲ್ಲ. ಅದರ ಬಾಗಿಲು ಮುಂದೆ ಇಲ್ಲ, ಮೇಲೆ ಇದೆ. ತಣ್ಣನೆಯ ಗಾಳಿ ಭಾರ, ಕೆಳಗೇ ಕೂರುತ್ತದೆ. ಮುಂದಿನ ಬಾಗಿಲು ತೆರೆದರೆ ಅದು ನೀರಿನಂತೆ ಹೊರಗೆ ಸುರಿದುಹೋಗುತ್ತದೆ. ಮೇಲಿನ ಮುಚ್ಚಳ ತೆರೆದರೆ ಅಲ್ಲೇ ಉಳಿಯುತ್ತದೆ. ಗೋಡೆಯ ಸುತ್ತ ಐಸಿನ ಪದರವೂ ಇದೆ. ದಿನಕ್ಕೆ 8 ಗಂಟೆ ಕರೆಂಟು ಬಂದರೆ ಸಾಕು, ಉಳಿದ ಹೊತ್ತು ಆ ಐಸೇ ನೋಡಿಕೊಳ್ಳುತ್ತದೆ. ನಮ್ಮ ಊರುಗಳ ಕರೆಂಟು ನೋಡಿಯೇ ಮಾಡಿದಂತಿದೆ!

ಪೆಟ್ಟಿಗೆಯೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? 1803ರಲ್ಲಿ ಬಾಲ್ಮಿಸ್ ಎಂಬ ವೈದ್ಯರು ಸ್ಪೇನ್ ದೇಶದಿಂದ ಅಮೆರಿಕ ಖಂಡಕ್ಕೆ ಸಿಡುಬಿನ ಲಸಿಕೆ ಒಯ್ಯಬೇಕಿತ್ತು. ಹಡಗಿನಲ್ಲಿ ವಾರಗಟ್ಟಲೆ ಪಯಣ. ಅವರು 22 ಅನಾಥ ಹುಡುಗರನ್ನು ಹಡಗು ಹತ್ತಿಸಿಕೊಂಡರು. ಮೊದಲು ಇಬ್ಬರಿಗೆ ಲಸಿಕೆ ಹಾಕಿದರು. ಅವರ ತೋಳಿನಲ್ಲಿ ಎದ್ದ ಗುಳ್ಳೆಯ ರಸ ತೆಗೆದು ಮುಂದಿನ ಇಬ್ಬರಿಗೆ, ಅವರಿಂದ ಇನ್ನಿಬ್ಬರಿಗೆ. ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ಲಸಿಕೆ ಸಮುದ್ರ ದಾಟಿತು. ನಮ್ಮ ದೇಶಕ್ಕೂ ಸಿಡುಬಿನ ಲಸಿಕೆ ಬಂದದ್ದು ಹೀಗೆಯೇ. ಬಾಗ್ದಾದ್, ಬಸ್ರಾ ಕಡೆಯಿಂದ ತೋಳಿಂದ ತೋಳಿಗೆ ಬಂದು, 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿನ ತೋಳು ಸೇರಿತು. ಆಗ ನಿಮ್ಮಂಥ ಮಕ್ಕಳೇ ಲಸಿಕೆಯ ಪೆಟ್ಟಿಗೆ! ಆ ಹುಡುಗರನ್ನು ಯಾರಾದರೂ "ಬರುತ್ತೀಯಾ?" ಎಂದು ಕೇಳಿದ್ದರೋ ಇಲ್ಲವೋ, ನನಗೆ ಅದೇ ಯೋಚನೆ.

ಸೀಸೆ ತಾನೇ ಹೇಳುತ್ತದೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ದಾರಿಯಲ್ಲಿ ಬಿಸಿ ತಗುಲಿದ್ದರೆ ಸಿಸ್ಟರಿಗೆ ಗೊತ್ತಾಗುವುದು ಹೇಗೆ? ಮುಂದಿನ ಸಲ ಸೀಸೆಯ ಮೇಲೆ ನೋಡಿ, ಅಥವಾ ಸಿಸ್ಟರನ್ನು ತೋರಿಸಿ ಎಂದು ಕೇಳಿ. ಒಂದು ಪುಟ್ಟ ಬಣ್ಣದ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ ಇರುತ್ತದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ಎರಡೂ ಒಂದೇ ಬಣ್ಣವಾದರೆ, ಇಲ್ಲವೇ ಚೌಕವೇ ಹೆಚ್ಚು ಕಪ್ಪಾದರೆ, ಆ ಸೀಸೆಯನ್ನು ಬಳಸುವಂತಿಲ್ಲ. ಪೋಲಿಯೊ ಹನಿಯ ಸೀಸೆ 37 ಡಿಗ್ರಿಯಲ್ಲಿ ಎರಡು ದಿನ ಇದ್ದರೆ ಸಾಕು, ಚೌಕ ಕಪ್ಪಾಗುತ್ತದೆ. 1996ರಲ್ಲಿ ಮೊದಲ ಬಾರಿಗೆ ಈ ಗುರುತನ್ನು ಹಾಕಿದ್ದೂ ಪೋಲಿಯೊ ಹನಿಗೇ.

ಆದರೆ ಈ ಚೌಕಕ್ಕೆ ಬಿಸಿ ಮಾತ್ರ ಗೊತ್ತು, ಹೆಪ್ಪುಗಟ್ಟಿದ್ದು ಗೊತ್ತಾಗದು. ಟಿಡಿ ಲಸಿಕೆ ರಾತ್ರಿಯೆಲ್ಲ ಗಟ್ಟಿಯಾಗಿದ್ದು ಬೆಳಿಗ್ಗೆ ಕರಗಿದ್ದರೂ ಚೌಕ ತಿಳಿಯಾಗಿಯೇ ಇರುತ್ತದೆ! ಅದಕ್ಕೆ ಕುಲುಕು ಪರೀಕ್ಷೆ ಬೇಕು. ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಒಂದು ಸೀಸೆ, ಅನುಮಾನವಿರುವ ಇನ್ನೊಂದು ಸೀಸೆ, ಎರಡನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲಿಡುತ್ತಾರೆ. ಹೆಪ್ಪುಗಟ್ಟಿದ್ದ ಲಸಿಕೆಯಲ್ಲಿ ಚೂರುಗಳು ಕಾಣುತ್ತವೆ, ಬೇಗನೆ ತಳಕ್ಕೆ ಇಳಿಯುತ್ತವೆ. ಅನುಮಾನದ ಸೀಸೆಯಲ್ಲಿ ಅಷ್ಟು ಬೇಗ ಇಳಿಯದಿದ್ದರೆ ಅದು ಹೆಪ್ಪುಗಟ್ಟಿಲ್ಲವೆಂದು ಅರ್ಥ. ಉಂಡೆಯಾದ ಕಣಗಳ ಮಾತು ನೆನಪಿದೆಯಲ್ಲ?

1995ರಲ್ಲಿ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಇಂಥ ಪೆಟ್ಟಿಗೆಗಳು ಬಸ್ ನಿಲ್ದಾಣ, ಜಾತ್ರೆ, ಇಟ್ಟಿಗೆ ಗೂಡು, ಎಲ್ಲೆಲ್ಲಿಗೂ ಹೋದವು. ಕಾಡು ಪೋಲಿಯೊ ವೈರಸ್ಸಿನಿಂದ ನಮ್ಮಲ್ಲಿ ಕೊನೆಯ ಮಗುವಿಗೆ ರೋಗ ಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. 2021ರಲ್ಲಿ ಕೋವಿಶೀಲ್ಡ್, ಕೋವ್ಯಾಕ್ಸಿನ್ ಹಳ್ಳಿಹಳ್ಳಿಗೆ ಬಂದದ್ದೂ ಇದೇ ಪೆಟ್ಟಿಗೆಯಲ್ಲಿ. ಅವೂ 2ರಿಂದ 8 ಡಿಗ್ರಿಯ ಲಸಿಕೆಗಳೇ. ಅದೇ ಸಮಯಕ್ಕೆ ಬೇರೆ ದೇಶಗಳಲ್ಲಿ ಬಳಸಿದ ಫೈಜರ್ ಲಸಿಕೆಯನ್ನು ಮೊದಮೊದಲು ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ ಕೂಡಿಡಬೇಕಿತ್ತು. ಅಷ್ಟು ಕೊರೆಯುವ ಫ್ರೀಜರ್ ಯಾವ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿದೆ?

ಮಾಡಿ ನೋಡಿ

ಒಂದೇ ಅಳತೆಯ ನಾಲ್ಕು ಸ್ಟೀಲ್ ಡಬ್ಬಿಗಳನ್ನು ತನ್ನಿ. ಒಂದೊಂದರಲ್ಲೂ ಒಂದೇ ಗಾತ್ರದ ಐದೈದು ಐಸಿನ ತುಂಡು ಹಾಕಿ ಮುಚ್ಚಿ. ಒಂದನ್ನು ಹಾಗೇ ಬಿಡಿ. ಒಂದಕ್ಕೆ ಹಳೆಯ ಕಂಬಳಿ ಸುತ್ತಿ. ಒಂದನ್ನು ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹೂತಿಡಿ. ಇನ್ನೊಂದಕ್ಕೆ ಒದ್ದೆ ಗೋಣಿತಾಟು ಸುತ್ತಿ. ಎರಡು ಗಂಟೆಯ ನಂತರ ಕರಗಿದ ನೀರನ್ನು ಅಳೆಯಿರಿ. ನಡುವೆ ಮುಚ್ಚಳ ತೆರೆದು ಇಣುಕಬೇಡಿ! ಯಾವುದು ಗೆದ್ದಿತು? ಒದ್ದೆ ಗೋಣಿತಾಟಿನ ಡಬ್ಬಿಯ ಬಗ್ಗೆ ಮೊದಲೇ ಪಂತ ಕಟ್ಟಿ. ಗಾಳಿ ಬೀಸುವ ಕಡೆ ಒಮ್ಮೆ, ಗಾಳಿ ಇಲ್ಲದ ಕಡೆ ಒಮ್ಮೆ ಇಟ್ಟು ನೋಡಿ, ಫಲಿತಾಂಶ ಒಂದೇ ಬಂದಿತೇ ಎಂದು ಬರೆದಿಟ್ಟುಕೊಳ್ಳಿ.